ಎಐ ಸಹಾಯಕಕ್ಕೆ ಬರೆದ ಸೂಚನಾ ಕಡತ 640 ಸಾಲು ದಾಟಿದೆ: ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು?

ಗೋಕುಲ_ರಸ್ತೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಾವು ನಾಲ್ವರು ಸೇರಿ ದಲಾಲಿ ಅಂಗಡಿಗಳ ಲೆಕ್ಕದ ತಂತ್ರಾಂಶವನ್ನು ಬರೆಯುತ್ತೇವೆ. ರೈತರು ತಂದ ಚೀಲಗಳ ತೂಕ, ಹಮಾಲಿ, ಮೊದಲೇ ಪಡೆದಿದ್ದ ಮುಂಗಡ ಇವನ್ನೆಲ್ಲ ಲೆಕ್ಕ ಹಾಕಿ ಅವರ ಕೈಗೊಂದು ಪಟ್ಟಿಯನ್ನು ಮುದ್ರಿಸಿ ಕೊಡುವುದು ಅದರ ಮುಖ್ಯ ಕೆಲಸ. ಒಂದು ವರ್ಷದಿಂದ ಕೋಡ್ ಬರೆಯಲು ಎಐ ಸಹಾಯಕವನ್ನು ಬಳಸುತ್ತಿದ್ದೇವೆ. ಅದು ಪ್ರತಿ ಸಲ ಕೆಲಸ ಶುರುಮಾಡುವ ಮೊದಲು ಓದಲೆಂದು ರಿಪಾಸಿಟರಿಯಲ್ಲಿ (ಕೋಡ್ ಇಡುವ ಭಂಡಾರದಲ್ಲಿ) ಒಂದು ಸೂಚನಾ ಕಡತವನ್ನಿಟ್ಟಿದ್ದೇವೆ. ಮೊದಲ ದಿನ ಅದರಲ್ಲಿ 40 ಸಾಲುಗಳಿದ್ದವು. ಈಗ 640 ಇವೆ.

ಕಳೆದ ವಾರ ಪಟ್ಟಿಗೆ ಹೊಸ ನಮೂನೆಯನ್ನು ಮಾಡಲು ಹೇಳಿದಾಗ ಅದು ದಲಾಲಿಯನ್ನು ರೈತನ ಹಣದಲ್ಲಿ ಕಳೆದುಬಿಟ್ಟಿತು. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆಯ ಪ್ರಕಾರ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನಿಂದಲ್ಲ. ಈ ಮಾತು ಕಡತದ 412ನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿಯೇ ಇದೆ. ಪುಣ್ಯಕ್ಕೆ, ಪರೀಕ್ಷೆಗೆಂದು ನೋಡಲು ಕೊಟ್ಟಿದ್ದ ಅಂಗಡಿಯ ಗುಮಾಸ್ತರೊಬ್ಬರು ಮೊದಲ ಹಾಳೆಯನ್ನು ನೋಡುತ್ತಲೇ ತಪ್ಪನ್ನು ಹಿಡಿದರು. ಬರೆದದ್ದನ್ನೇ ಪಾಲಿಸದಿದ್ದರೆ ಬರೆದು ಫಲವೇನು? ಇನ್ನೂ ಒತ್ತಿ ಬರೆಯಬೇಕೋ, ಕಡಿಮೆ ಮಾಡಬೇಕೋ ತಿಳಿಯುತ್ತಿಲ್ಲ.

ಬ್ಯಾಡಗಿ_ಖಾರ

ಆ 640 ಸಾಲುಗಳನ್ನು ತಾವು ಕೊನೆಯ ಸಲ ಪೂರ್ತಿ ಓದಿದ್ದು ಯಾವಾಗ?

ಗೋಕುಲ_ರಸ್ತೆ

ಪ್ರಾಮಾಣಿಕವಾಗಿ ಹೇಳುವುದಾದರೆ, ಪೂರ್ತಿ ಓದಿದ್ದೇ ಇಲ್ಲ.

ಬ್ಯಾಡಗಿ_ಖಾರ

ಹಾಗಾದರೆ ಸಹಾಯಕದ ಮೇಲೆ ಸಿಟ್ಟಾಗುವ ಹಕ್ಕು ತಮಗೆ ಅರ್ಧ ಮಾತ್ರ ಇದೆ.

ಸಾಧನಕೇರಿ

ಖಾರ ಸ್ವಲ್ಪ ಹೆಚ್ಚಾಯಿತು, ಆದರೆ ಮಾತು ಸರಿಯಾಗಿದೆ. ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವನು. ಅವರ ಪ್ರಾಜೆಕ್ಟುಗಳಲ್ಲಿಯೂ ಇದೇ ಕಾಯಿಲೆಯನ್ನು ನೋಡುತ್ತಿದ್ದೇನೆ.

ಸೂಚನಾ ಕಡತವನ್ನು ನಾವು ಕಪಾಟಿನಲ್ಲಿಟ್ಟ ಪುಸ್ತಕವೆಂದು ತಿಳಿಯುತ್ತೇವೆ, ಬೇಕಾದಾಗ ತೆಗೆದು ನೋಡುತ್ತದೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಪ್ರತಿ ಸೆಷನ್ನಿನ ಆರಂಭದಲ್ಲಿಯೇ ಇಡೀ ಕಡತವು ಸಹಾಯಕದ ಹಿಂದಿರುವ ಎಐ ಮಾದರಿಯ ಕಾಂಟೆಕ್ಸ್ಟಿನೊಳಗೆ, ಅಂದರೆ ಅದು ಒಮ್ಮೆಗೆ ಎದುರಿಟ್ಟುಕೊಳ್ಳುವ ಪಠ್ಯದೊಳಗೆ, ಹೋಗಿ ಕೂರುತ್ತದೆ. ನೀವು ಕೇಳಿದ್ದು ಒಂದು ಬಟನ್ನಿನ ಬಣ್ಣವನ್ನು ಬದಲಿಸಲೆಂದೇ ಆದರೂ ಹಮಾಲಿ ದರದ ನಿಯಮ, ಡೇಟಾಬೇಸಿನ ಹೆಸರಿಡುವ ಪದ್ಧತಿ, ಯಾರೋ ಒಮ್ಮೆ ಬರೆದ ಕಮಿಟ್ ಸಂದೇಶದ ಮಾದರಿ ಎಲ್ಲವೂ ಜೊತೆಗೆ ಬಂದಿರುತ್ತವೆ. ಆ ಸಂದರ್ಭಕ್ಕೆ ಸಂಬಂಧವಿಲ್ಲದ 630 ಸಾಲುಗಳ ನಡುವೆ ಸಂಬಂಧವಿರುವ 10 ಸಾಲುಗಳು ತಮ್ಮ ತೂಕವನ್ನು ಕಳೆದುಕೊಳ್ಳುತ್ತವೆ. ಉದ್ದನೆಯ ಪಠ್ಯದ ಮೊದಲಿಗೂ ಕೊನೆಗೂ ಇರುವ ಮಾಹಿತಿಯನ್ನು ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವೆ ಇರುವುದನ್ನು ಕಡಿಮೆ ಬಳಸುತ್ತವೆ ಎಂಬುದನ್ನು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಅದು ಪ್ರಶ್ನೋತ್ತರಗಳ ಕುರಿತಾದದ್ದು, ಅಂದಿನ ಮಾದರಿಗಳಿಗಿಂತ ಇಂದಿನವು ಸುಧಾರಿಸಿವೆ ನಿಜ. ಆದರೂ ನಿಮ್ಮ 412ನೆಯ ಸಾಲಿನ ಜಾಗವನ್ನು ನೋಡಿದಾಗ ಅದು ನೆನಪಾಯಿತು. ಕ್ಲಾಡ್ ಕೋಡ್ ಎಂಬ ಸಹಾಯಕದ ಕೈಪಿಡಿಯೇ ಒಂದು ಕಡತವನ್ನು 200 ಸಾಲಿನೊಳಗೆ ಇಡಲು ಪ್ರಯತ್ನಿಸಿ ಎನ್ನುತ್ತದೆ.

ಇನ್ನೊಂದು ವಿಷಯ. ಈ ಕಡತದಲ್ಲಿ ಬರೆದದ್ದು ಆಜ್ಞೆಯಲ್ಲ. ಸಂಭಾಷಣೆಯ ಮೊದಲಿಗೆ ನೀವು ಆಡಿದ ಮಾತಿನಂತೆ ಅದು ಹೋಗುತ್ತದೆ, ಪಾಲಿಸಲೇಬೇಕೆಂಬ ಬಿಗಿ ಅದರ ಹಿಂದೆ ಇರುವುದಿಲ್ಲ.

ಸಪ್ತಾಪುರ_ಅಕ್ಕ

ನಮ್ಮ ತಂಡದ ಕಡತವೂ ಹೀಗೆಯೇ ಬೆಳೆದಿತ್ತು. ಒಂದು ಭಾನುವಾರ ಕುಳಿತು, ಯಾವ ಸಾಲನ್ನು ಯಾರು ಯಾವಾಗ ಸೇರಿಸಿದರು ಎಂಬುದನ್ನು, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಬ್ಲೇಮ್‌ನಲ್ಲಿ ತೆಗೆದು ನೋಡಿದೆ. ಹೆಚ್ಚಿನವು ಸಂಜೆ ಏಳರ ನಂತರ ಬರೆದವು! ದಿನವಿಡೀ ಸಹಾಯಕದೊಡನೆ ಗುದ್ದಾಡಿ ಸುಸ್ತಾದವರು ಮನೆಗೆ ಹೋಗುವ ಮುನ್ನ ಒಂದು ಸಾಲನ್ನು ಗೀಚಿ ಹೋಗಿದ್ದರು. "ಯಾವ ಕಾರಣಕ್ಕೂ ಕೇಳದೆ ಹೊಸ ಫೈಲ್ ಮಾಡಬೇಡ" ಎಂದು ಒಂದು ಕಡೆ ಇದ್ದರೆ, 90 ಸಾಲುಗಳ ಕೆಳಗೆ "ಪ್ರತಿ ಫಂಕ್ಷನ್ನಿಗೂ ಪ್ರತ್ಯೇಕ ಟೆಸ್ಟ್ ಫೈಲ್ ಮಾಡು" ಎಂದು ಇತ್ತು. ಎರಡನ್ನೂ ಬರೆದವಳು ನಾನೇ.

ನಾನು ಇವುಗಳಿಗೆ ಸಿಟ್ಟಿನ ಸಾಲುಗಳು ಎಂದು ಹೆಸರಿಟ್ಟಿದ್ದೇನೆ. ಒಮ್ಮೆ ಮಾತ್ರ ಆದ ತಪ್ಪಿಗೆ ಹುಟ್ಟಿದ ಸಾಲು, ಎರಡನೆಯ ಸಲ ಅದೇ ತಪ್ಪು ಆಗುವವರೆಗೆ ಕಡತಕ್ಕೆ ಬರಬಾರದು ಎಂಬುದು ಈಗ ನಮ್ಮ ಕಟ್ಟಳೆ.

ಬೆಂಗೇರಿ_ಚರಕ

ಅಕ್ಕಾವ್ರ ಕಟ್ಟಳೆ ಚೆನ್ನಾಗಿದೆ, ಆದರೆ ಡೇಟಾಬೇಸನ್ನು ಅಳಿಸಿಹಾಕಿದಂತಹ ತಪ್ಪಿಗೆ ಎರಡನೆಯ ಸಲವನ್ನು ಕಾಯುವುದು ದುಬಾರಿಯಾದೀತು.

ಸಪ್ತಾಪುರ_ಅಕ್ಕ

ಅಂತಹ ತಪ್ಪಿಗೆ ಕಡತದ ಸಾಲನ್ನೇ ನಂಬಿ ಕೂತರೆ ಮೊದಲನೆಯ ಸಲವೂ ದುಬಾರಿಯೇ.

ಚಿಗರಿ_ಬಸ್

ಇದಕ್ಕೆ ಸುಲಭ ಪರಿಹಾರ ಇದೆಯಲ್ಲ. ಕ್ಲಾಡ್ ಕೋಡ್ ಓದುವ ಸೂಚನಾ ಕಡತವಾದ ಕ್ಲಾಡ್.ಎಂಡಿಯಲ್ಲಿ ಆ್ಯಟ್ ಚಿಹ್ನೆ ಹಾಕಿ ಬೇರೆ ಕಡತಗಳನ್ನು ಆಮದು ಮಾಡಿಕೊಳ್ಳಬಹುದು. ತೂಕದ ನಿಯಮಗಳಿಗೆ ಒಂದು, ಮುದ್ರಣಕ್ಕೆ ಒಂದು, ಡೇಟಾಬೇಸಿಗೆ ಒಂದು ಎಂದು ಹಂಚಿದರೆ ಮುಖ್ಯ ಕಡತ 20 ಸಾಲಿಗೆ ಇಳಿಯುತ್ತದೆ. ನಾನು ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿಯೇ ನಮ್ಮದನ್ನು ಹಂಚಿ ಮುಗಿಸಿದೆ.

ಸಾಧನಕೇರಿ

ಇಲ್ಲಿ ಒಂದು ತಿದ್ದುಪಡಿ ಬೇಕು. ಹಾಗೆ ಆಮದು ಮಾಡಿದ ಕಡತಗಳು ಆರಂಭದಲ್ಲಿಯೇ ಬಿಚ್ಚಿಕೊಂಡು ಮುಖ್ಯ ಕಡತದ ಜೊತೆಗೆ ಒಳಗೆ ಹೋಗುತ್ತವೆ. ಅಂದವಾಗಿ ಹೊಂದಿಸಿದಂತಾಯಿತು, ಆದರೆ ಹೊರೆ ಒಂದು ಸಾಲಿನಷ್ಟೂ ಇಳಿಯಲಿಲ್ಲ. ಒಂದು ಚೀಲದ ಜೋಳವನ್ನು ಐದು ಚೀಲಗಳಿಗೆ ಹಂಚಿ ಅದೇ ಬಂಡಿಗೆ ಹೇರಿದ ಹಾಗೆ.

ನಿಜವಾಗಿಯೂ ಹೊರೆ ಇಳಿಯಬೇಕೆಂದರೆ ಉಪ ಫೋಲ್ಡರುಗಳಲ್ಲಿ ಅವುಗಳದೇ ಪುಟ್ಟ ಕಡತವನ್ನಿಡಿ. ಕ್ಲಾಡ್ ಕೋಡ್ ಅಂತಹ ಕಡತವನ್ನು ಆ ಫೋಲ್ಡರಿನ ಫೈಲುಗಳನ್ನು ಓದುವಾಗ ಮಾತ್ರ ತೆಗೆದುಕೊಳ್ಳುತ್ತದೆ. ಕರ್ಸರ್‌ನಲ್ಲಿ (ಅದು ಇನ್ನೊಂದು ಸಹಾಯಕ) ನಿಯಮಗಳ ಫೋಲ್ಡರಿನೊಳಗೆ ಪ್ರತಿ ನಿಯಮಕ್ಕೂ ಅದು ಯಾವ ಫೈಲುಗಳಿಗೆ ಅನ್ವಯ ಎಂಬುದನ್ನು ಬರೆಯಬಹುದು. ಕೋಪೈಲಟ್‌ನಲ್ಲಿಯೂ ಹಾಗೆಯೇ ಫೈಲಿನ ದಾರಿಯನ್ನು ನೋಡಿ ಅನ್ವಯವಾಗುವ ಸೂಚನೆಗಳಿಗೆ ಅವಕಾಶವಿದೆ.

ಚಿಗರಿ_ಬಸ್

ಅಯ್ಯೋ, ಹಾಗಾದರೆ ಒಂದು ತಿಂಗಳಿನಿಂದ ನಾನು ಸುಮ್ಮನೆ ಸಂತೋಷಪಡುತ್ತಿದ್ದೆ. ಇಂದು ಸಂಜೆಯ ಬಸ್ಸಿನಲ್ಲಿ ಮತ್ತೆ ಶುರು.

ಬೆಂಗೇರಿ_ಚರಕ

ಮೂಲ ಪ್ರಶ್ನೆಗೆ ಬರೋಣ. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಉದ್ದ ಮತ್ತು ಅಗಲ 3:2 ಇರಬೇಕು, ಬಣ್ಣ ಇಂತಿಷ್ಟೇ ಇರಬೇಕು ಎಂಬುದನ್ನು ನೇಕಾರರಿಗೂ ಹೊಲಿಯುವವರಿಗೂ ದಿನಾ ಬೆಳಿಗ್ಗೆ ಭಾಷಣ ಮಾಡಿ ಹೇಳುವುದಿಲ್ಲ. ಮಾನಕ ಬ್ಯೂರೋ ಗೊತ್ತುಪಡಿಸಿದ ಅಳತೆ ಇದೆ, ಅದಕ್ಕೆ ಹಿಡಿದು ನೋಡುತ್ತಾರೆ, ತಪ್ಪಿದರೆ ಧ್ವಜ ಹೊರಗೆ ಹೋಗುವುದಿಲ್ಲ.

ನಿಮ್ಮ 640ರಲ್ಲಿ ಅಳೆಯಲು ಬರುವಂಥವು ಎಷ್ಟಿವೆ ಎಂದು ಎಣಿಸಿ ನೋಡಿ. ಇಂಡೆಂಟೇಷನ್ ನಾಲ್ಕು ಜಾಗ, ಸಾಲಿನ ಉದ್ದ ಇಷ್ಟು, ಆಮದುಗಳ ಕ್ರಮ ಹೀಗೆ ಎಂಬ ಸಾಲುಗಳೆಲ್ಲ ರಫ್, ಇಎಸ್‌ಲಿಂಟ್, ಪ್ರೆಟಿಯರ್ ಎಂಬ ಕೋಡ್ ತಪಾಸಣೆಯ ಸಾಧನಗಳ ಕೆಲಸ. ಅವು ಪ್ರತಿ ಸಲವೂ ಒಂದೇ ಉತ್ತರವನ್ನು ಕೊಡುತ್ತವೆ, ಮರೆಯುವುದಿಲ್ಲ, ಟೋಕನ್ನನ್ನೂ (ಮಾದರಿಯು ಪಠ್ಯವನ್ನು ಎಣಿಸುವ ತುಣುಕು) ತಿನ್ನುವುದಿಲ್ಲ. ಕಡತದಲ್ಲಿ "ಕೆಲಸ ಮುಗಿದ ಮೇಲೆ ಈ ಆಜ್ಞೆಯನ್ನು ಓಡಿಸು, ತಪ್ಪು ಬಂದರೆ ಸರಿಪಡಿಸು" ಎಂಬ ಒಂದೇ ಸಾಲು ಸಾಕು. ಡೇಟಾಬೇಸಿನ ರಚನೆಯನ್ನು ಬದಲಿಸುವ ಹಳೆಯ ಮೈಗ್ರೇಷನ್ ಫೈಲುಗಳನ್ನು ಮುಟ್ಟಲೇಬಾರದು ಎಂಬಂಥ ಕಟ್ಟುನಿಟ್ಟಿನ ವಿಷಯವಿದ್ದರೆ ಕ್ಲಾಡ್ ಕೋಡ್‌ನಲ್ಲಿ ಹುಕ್ ಎಂಬ ಏರ್ಪಾಡಿದೆ: ಫೈಲನ್ನು ತಿದ್ದುವ ಮೊದಲು ನಿಮ್ಮದೊಂದು ಸ್ಕ್ರಿಪ್ಟ್ ಓಡುತ್ತದೆ, ಅದು 2 ಎಂಬ ನಿರ್ಗಮನ ಸಂಖ್ಯೆಯನ್ನು ಕೊಟ್ಟರೆ ಆ ತಿದ್ದುಪಡಿ ನಡೆಯುವುದೇ ಇಲ್ಲ. ಅಲ್ಲಿ ಒಪ್ಪಿಗೆಯನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ದಲಾಲಿಯ ವಿಷಯಕ್ಕೂ ಒಂದು ಟೆಸ್ಟನ್ನು, ಅಂದರೆ ಉತ್ತರವನ್ನು ತಾಳೆ ನೋಡುವ ಕೋಡನ್ನು, ಬರೆಯಿರಿ. ತೂಕ ಗುಣಿಸು ದರ, ಅದರಲ್ಲಿ ಹಮಾಲಿ ಮತ್ತು ಮುಂಗಡ ಕಳೆ, ಉಳಿದದ್ದು ರೈತನಿಗೆ. ಒಂದು ಪೈಸೆ ಕಡಿಮೆ ಬಂದರೂ ಟೆಸ್ಟ್ ಬೀಳಬೇಕು. ಆಮೇಲೆ 412ನೆಯ ಸಾಲನ್ನು ಅಳಿಸಿಬಿಡಿ.

ಗೋಕುಲ_ರಸ್ತೆ

ಎಣಿಸಿದೆ. ಅಳೆಯಲು ಬರುವಂಥವು 230ಕ್ಕೂ ಹೆಚ್ಚು. ನಾಚಿಕೆಯಾಯಿತು.

ಬ್ಯಾಡಗಿ_ಖಾರ

ಚರಕದವರೇ, ಕೊನೆಯ ಮಾತನ್ನು ಒಪ್ಪಲಾರೆ. ಟೆಸ್ಟ್ ಬಿದ್ದಾಗ ಕೋಡನ್ನು ಬಿಟ್ಟು ಟೆಸ್ಟನ್ನೇ ತಿದ್ದಿ "ಎಲ್ಲ ಟೆಸ್ಟುಗಳೂ ಪಾಸಾದವು" ಎಂದು ವರದಿ ಕೊಟ್ಟ ಸಹಾಯಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಲಾಲಿಯನ್ನು ಮಾರುವವನಿಂದ ಕಳೆಯುವುದು ಅದು ಓದಿದ ಪ್ರಪಂಚದಲ್ಲೆಲ್ಲ ರೂಢಿ. ಆದ್ದರಿಂದ ನಿಮ್ಮ ಟೆಸ್ಟೇ ತಪ್ಪಿರಬೇಕೆಂದು ಅದಕ್ಕೆ ತೋರುವುದು ಸಹಜ. ಹೀಗಾಗಿ ಈ ಸಾಲು ಉಳಿಯಬೇಕು, ಉಳಿದರೆ ಸಾಲದು, ಮೊದಲ ಹತ್ತರೊಳಗೆ ಬರಬೇಕು, ಕಾರಣವನ್ನೂ ಹೊತ್ತು ಬರಬೇಕು. "ದಲಾಲಿ ಖರೀದಿದಾರನದು, ಕಾಯ್ದೆಯಂತೆ ರೈತನ ಪಟ್ಟಿಯಲ್ಲಿ ಕಳೆಯುವಂತಿಲ್ಲ" ಎಂದರೆ, ಇದು ಬರೆದವನ ಮರ್ಜಿಯಲ್ಲ, ಹೊರಗಿನ ನಿಯಮ ಎಂಬುದು ಅದಕ್ಕೆ ತಿಳಿಯುತ್ತದೆ. ಹಾಗೆ ತಿಳಿದಾಗ ನೀವು ಹೇಳದೆ ಬಿಟ್ಟ ಕಡೆಗಳಲ್ಲಿಯೂ ಅದು ಸರಿಯಾಗಿ ನಡೆದುಕೊಳ್ಳುವ ಸಂಭವ ಹೆಚ್ಚು.

ಬೆಂಗೇರಿ_ಚರಕ

ಟೆಸ್ಟನ್ನೇ ತಿದ್ದುವ ಚಾಳಿ ನನಗೆ ಹೊಳೆದಿರಲಿಲ್ಲ. ಸಾಲು ಇರಲಿ. ಟೆಸ್ಟೂ ಇರಲಿ.

ರಾಣೆಬೆನ್ನೂರು_ಬೀಜ

ಎಲ್ಲರೂ ಅಳಿಸಿ ಅಳಿಸಿ ಎನ್ನುತ್ತಿದ್ದೀರಿ, ನಾನು ಎದುರು ಪಕ್ಷದವನು. ನಮ್ಮ ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿ ಒಂದೇ ಒಂದು ಮಾತನ್ನು ನುಡಿಯುತ್ತಾನೆ. ಆ ಒಂದು ಮಾತಿಗೆ ರೈತ ಮಳೆಯ ಅರ್ಥವನ್ನು ಹೇಳುತ್ತಾನೆ, ವ್ಯಾಪಾರಿ ದರದ ಅರ್ಥವನ್ನು ಹೇಳುತ್ತಾನೆ, ರಾಜಕಾರಣಿ ತನ್ನ ಕುರ್ಚಿಯ ಅರ್ಥವನ್ನು ಹೇಳುತ್ತಾನೆ. ದೈವದ ನುಡಿಗೆ ಅದು ಶೋಭೆ. ಸೂಚನಾ ಕಡತವನ್ನು ಕಾರಣಿಕದ ಹಾಗೆ ಬರೆದರೆ ಗತಿಯೇನು?

ಕಳೆದ ವರ್ಷ ನಾನು ಇಂತಹ ಚರ್ಚೆಯೊಂದನ್ನು ಓದಿ ಹುಮ್ಮಸ್ಸಿನಿಂದ ನಮ್ಮ ಬೀಜದ ದಾಸ್ತಾನು ತಂತ್ರಾಂಶದ ಕಡತವನ್ನು 12 ಸಾಲಿಗೆ ಇಳಿಸಿದ್ದೆ. "ಕೋಡ್ ಶುಚಿಯಾಗಿರಲಿ", "ತಪ್ಪುಗಳನ್ನು ಸರಿಯಾಗಿ ನಿಭಾಯಿಸು", "ಸರಳವಾಗಿಡು" ಇಂಥವು. ಸಹಾಯಕವು ಒಂದು ದಿನ ಸರಳತೆಯ ಹೆಸರಿನಲ್ಲಿ ಲಾಟ್ ಸಂಖ್ಯೆಯ ಪರಿಶೀಲನೆಯನ್ನೇ ತೆಗೆದುಹಾಕಿತು. ನಾನು ಬೈಯಲು ಹೋದರೆ, ಅದು ನನ್ನ ಮಾತನ್ನು ಪಾಲಿಸಿಯೇ ಇತ್ತು!

ಸಪ್ತಾಪುರ_ಅಕ್ಕ

ಬೀಜದವರೇ, ತಾವು ಕಡಿಮೆ ಮಾಡಿದ್ದು ಸಾಲುಗಳನ್ನಲ್ಲ, ಅರ್ಥವನ್ನು. "ಕೋಡ್ ಶುಚಿಯಾಗಿರಲಿ" ಎಂಬುದು ನಾಲ್ಕು ಪದಗಳಾದರೂ ಉದ್ದವೇ, ಏಕೆಂದರೆ ಅದನ್ನು ತೆಗೆದರೆ ಏನೂ ಬದಲಾಗುವುದಿಲ್ಲ. "ಲಾಟ್ ಸಂಖ್ಯೆಯಿಲ್ಲದ ಚೀಲ ದಾಸ್ತಾನಿಗೆ ಸೇರುವಂತಿಲ್ಲ" ಎಂಬುದು ಅದಕ್ಕಿಂತ ಉದ್ದವಿದ್ದರೂ ಚಿಕ್ಕದು.

ರಾಣೆಬೆನ್ನೂರು_ಬೀಜ

"ಕೋಡ್ ಶುಚಿಯಾಗಿರಲಿ" ಎರಡು ಪದ ಅಕ್ಕಾ, ನಾಲ್ಕಲ್ಲ. ಉಳಿದದ್ದನ್ನು ಒಪ್ಪುತ್ತೇನೆ.

ಬೆಟಗೇರಿ_ಮಗ್ಗ

ಗದಗಿನಲ್ಲಿ ನಮ್ಮದು ಮುದ್ರಣದ ಮನೆತನ. ಅಚ್ಚುಮೊಳೆಗಳ ಕಾಲದಲ್ಲಿ ಅಜ್ಜ ಮೊಳೆ ಜೋಡಿಸುವವರ ಎದುರು ಗೋಡೆಗೆ ಒಂದು ಹಲಗೆಯನ್ನು ತೂಗುಹಾಕಿದ್ದರಂತೆ. ಮೊಳೆಯನ್ನು ಹೇಗೆ ಹಿಡಿಯಬೇಕು, ಸಾಲನ್ನು ಹೇಗೆ ಬಿಗಿಯಬೇಕು ಎಂಬ ಯಾವುದೂ ಅದರಲ್ಲಿರಲಿಲ್ಲ, ಅದು ಅವರಿಗೆ ಗೊತ್ತೇ ಇತ್ತು. ಯಾವ ಗಿರಾಕಿ ತನ್ನ ಹೆಸರನ್ನು ಯಾವ ಕಾಗುಣಿತದಲ್ಲಿ ಬರೆಸುತ್ತಾನೆ, ಯಾವ ಮಠದ ಆಮಂತ್ರಣದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದಷ್ಟೇ ಇತ್ತು. ಕಸುಬು ಬಲ್ಲವನಿಗೂ ಊಹಿಸಲು ಬಾರದ ಸಂಗತಿಗಳು ಅವು.

ಸಹಾಯಕಕ್ಕೆ ಪೈಥಾನ್ ಗೊತ್ತು, ಎಸ್‌ಕ್ಯೂಎಲ್ ಗೊತ್ತು. ಫೋಲ್ಡರುಗಳ ಪಟ್ಟಿಯನ್ನು ಅದು ತಾನೇ ತೆಗೆದು ನೋಡಬಲ್ಲದು, ಆದ್ದರಿಂದ ಅದನ್ನು ಕಡತದಲ್ಲಿ ನಕಲು ಮಾಡಿಡುವುದು ವ್ಯರ್ಥ. ಮೇಲಾಗಿ ಫೋಲ್ಡರ್ ಬದಲಾದ ಮರುದಿನವೇ ಅದು ಸುಳ್ಳಾಗುತ್ತದೆ. ಕಡತವನ್ನು ತಾನೇ ತಯಾರಿಸಿ ಕೊಡುವ ಆಜ್ಞೆಯನ್ನು ಓಡಿಸಿದವರ ಕಡತಗಳಲ್ಲಿ ಇಂಥ ನಕಲು ತುಂಬಿರುವುದನ್ನು ಕಂಡಿದ್ದೇನೆ. ಗೋಕುಲ ರಸ್ತೆಯವರೇ, ಕೋಡನ್ನು ಎಷ್ಟು ಓದಿದರೂ ತಿಳಿಯದಂಥದ್ದು ನಿಮ್ಮಲ್ಲಿ ಏನಿದೆ?

ಗೋಕುಲ_ರಸ್ತೆ

ಒಳ್ಳೆಯ ಪ್ರಶ್ನೆ. ಯೋಚಿಸಿದಾಗ ಇಷ್ಟು ಹೊಳೆಯಿತು. ದಲಾಲಿಯ ವಿಷಯ ಹೇಳಿಯಾಯಿತು. ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿಯೇ ಇಡುತ್ತೇವೆ, ದಶಾಂಶ ಬಳಸುವುದಿಲ್ಲ. ತೆರಿಗೆಗೆ ವರ್ಷ ಏಪ್ರಿಲ್ 1ಕ್ಕೆ ಶುರುವಾದರೂ ನಮ್ಮ ಅಂಗಡಿಕಾರರು ಹೊಸ ಕೀರ್ದಿಯನ್ನು ದೀಪಾವಳಿಯ ಪಾಡ್ಯಕ್ಕೆ ಪೂಜೆ ಮಾಡಿ ತೆರೆಯುತ್ತಾರೆ, ಆದ್ದರಿಂದ ಎರಡೂ ಬಗೆಯ ವರದಿ ಬೇಕು. ಹಳೆಯ ಗಿರಾಕಿಗಳ ಹೆಸರುಗಳು ನುಡಿ ಮತ್ತು ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿವೆ. ಅವನ್ನು ಯೂನಿಕೋಡಿಗೆ ತಿರುಗಿಸದೆ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು, ಕೋಡಿನಲ್ಲಿ ಉದ್ರಿ ಎಂದಿದ್ದ ಹೆಸರನ್ನು ಸಹಾಯಕವು ಎಂಟ್ರಿ ಎಂಬ ಪದದ ಅಕ್ಷರದೋಷವೆಂದು ಭಾವಿಸಿ 31 ಕಡೆ ತಿದ್ದಿ, ತಿದ್ದಿದ್ದಕ್ಕೆ ತನ್ನನ್ನು ತಾನೇ ಹೊಗಳಿಕೊಂಡಿತ್ತು.

ಬ್ಯಾಡಗಿ_ಖಾರ

ಉದ್ರಿ ಕೇಳಿ ನಗೆ ತಡೆಯಲಾಗಲಿಲ್ಲ. ಉದ್ರಿಯನ್ನು ಅಳಿಸಿಹಾಕುವ ಸಹಾಯಕ ಸಿಕ್ಕಿದೆಯೆಂದು ತಿಳಿದರೆ ನಮ್ಮ ಊರಿನ ಅರ್ಧ ಜನ ಅದನ್ನು ಕೊಳ್ಳಲು ಬರುತ್ತಾರೆ.

ಚಿಗರಿ_ಬಸ್

ಹಾಗಾದರೆ ಇಡೀ ಕಡತವನ್ನೇ ಕನ್ನಡದಲ್ಲಿ ಬರೆಯಬಹುದಲ್ಲವೇ? ಉದ್ರಿ, ಹಮಾಲಿ, ಪಟ್ಟಿ ಎಲ್ಲವೂ ಗೊಂದಲವಿಲ್ಲದೆ ಬರುತ್ತವೆ.

ಬೆಟಗೇರಿ_ಮಗ್ಗ

ಬರೆಯಬಹುದು, ಬೆಲೆ ಗೊತ್ತಿರಲಿ. ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. "ಪಟ್ಟಿ" ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಎರಡಕ್ಷರ ಕಂಡರೂ ಒಳಗೆ ಐದು ಸಂಕೇತಗಳಿವೆ, ಅಂದರೆ 15 ಬೈಟ್; ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 5. ಕೋಡೆಕ್ಸ್ ಎಂಬ ಸಹಾಯಕವು ಏಜೆಂಟ್ಸ್.ಎಂಡಿ ಎಂಬ ಸೂಚನಾ ಕಡತಗಳನ್ನೆಲ್ಲ ಸೇರಿಸಿ ಓದುವಾಗ, ನಾವು ಬದಲಿಸದಿದ್ದರೆ, 32 ಕಿಲೋಬೈಟಿಗೆ ನಿಲ್ಲಿಸುತ್ತದೆ. ಪೂರ್ತಿ ಕನ್ನಡದಲ್ಲಿ ಬರೆದರೆ ಸುಮಾರು 10,900 ಸಂಕೇತಗಳಿಗೇ ಆ ಮಿತಿ ಮುಟ್ಟುತ್ತದೆ. ಟೋಕನ್ನುಗಳ ಲೆಕ್ಕದಲ್ಲಿಯೂ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಖರ್ಚಾಗುತ್ತದೆ.

ಸಾಧನಕೇರಿ

ಲೆಕ್ಕ ಸರಿ, ತೀರ್ಮಾನ ಅವಸರದ್ದು. 60 ಸಾಲಿನ ಕಡತಕ್ಕೆ ಆ ಮಿತಿ ಎಂದೂ ಅಡ್ಡ ಬರುವುದಿಲ್ಲ. ತಂಡದ ನಾಲ್ವರೂ ಕಡತವನ್ನು ಓದಿ ತಿದ್ದುವಂತಿರುವುದು ಬೈಟಿಗಿಂತ ದೊಡ್ಡ ವಿಷಯ. ಯಾವ ಭಾಷೆಯಲ್ಲಿ ನಿಮ್ಮ ಮಾತು ಖಚಿತವಾಗಿ ಬರುತ್ತದೆಯೋ ಅದರಲ್ಲಿ ಬರೆಯಿರಿ. ಹರಕು ಇಂಗ್ಲಿಷಿನ ಅಸ್ಪಷ್ಟ ಸಾಲಿಗಿಂತ ಕನ್ನಡದ ನೇರ ಸಾಲು ಕಡಿಮೆ ಅಪಾಯದ್ದು.

ಬೆಟಗೇರಿ_ಮಗ್ಗ

ನಾನಂತೂ ನಿಯಮಗಳನ್ನು ಇಂಗ್ಲಿಷಿನಲ್ಲಿಯೇ ಬರೆದು, ವ್ಯಾಪಾರದ ಪದಗಳನ್ನು ಮಾತ್ರ ಕನ್ನಡದಲ್ಲಿ ಉಳಿಸಿ, ಪಕ್ಕದಲ್ಲಿ ಒಂದೊಂದು ಸಾಲಿನ ಅರ್ಥವನ್ನು ಕೊಡುತ್ತೇನೆ. ಇದರಲ್ಲಿ ನಾವಿಬ್ಬರೂ ಒಂದಾಗುವುದು ಕಷ್ಟ, ಬಿಡೋಣ.

ನಿಮ್ಮ ತಂಡದಲ್ಲಿ ಇಬ್ಬರು ಒಂದು ಸಹಾಯಕ, ಇಬ್ಬರು ಇನ್ನೊಂದು ಬಳಸುತ್ತಿದ್ದರೆ ಎರಡು ಕಡತಗಳನ್ನು ಸಾಕಬೇಡಿ. ಎರಡು ವಾರದೊಳಗೆ ಒಂದು ಹಿಂದೆ ಬೀಳುತ್ತದೆ. ಏಜೆಂಟ್ಸ್.ಎಂಡಿ ಎಂಬುದು ಹಲವು ಸಹಾಯಕಗಳು ಒಪ್ಪಿದ ಸಾಮಾನ್ಯ ಹೆಸರು, 2025ರ ಡಿಸೆಂಬರಿನಿಂದ ಅದು ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಬಂದಿದೆ. ಎಲ್ಲವನ್ನೂ ಅದರಲ್ಲಿ ಬರೆದು ಕ್ಲಾಡ್.ಎಂಡಿಯಲ್ಲಿ ಅದನ್ನು ಆಮದು ಮಾಡಿಕೊಳ್ಳುವ ಒಂದೇ ಸಾಲನ್ನಿಟ್ಟರೆ ಆಯಿತು. ಚಿಗರಿಯವರ ಆ್ಯಟ್ ಚಿಹ್ನೆಗೆ ಇಲ್ಲಿ ಸರಿಯಾದ ಉಪಯೋಗವಿದೆ.

ಗೋಕುಲ_ರಸ್ತೆ

ಯಾವ ಸಾಲು ಬೇಕು, ಯಾವುದು ಬೇಡ ಎಂದು ನಿಜವಾಗಿ ತಿಳಿಯುವುದು ಹೇಗೆ? ಒಂದೊಂದನ್ನೇ ತೆಗೆದು ನೋಡಲೇ?

ಸಾಧನಕೇರಿ

ತೆಗೆದು ನೋಡಿ, ಆದರೆ ಒಂದು ಸಲ ಸರಿಯಾಯಿತೆಂದು ನಂಬಬೇಡಿ. ಒಂದೇ ಪ್ರಶ್ನೆಗೆ ಮಾದರಿಯು ಎರಡು ಸಲ ಎರಡು ರೀತಿಯಲ್ಲಿ ಉತ್ತರಿಸಬಲ್ಲದು. ನೀವು ದಿನನಿತ್ಯ ಮಾಡಿಸುವ ಐದಾರು ಕೆಲಸಗಳನ್ನು ಆಯ್ದು, ಹೊಸ ಸೆಷನ್ನಿನಲ್ಲಿ ಪ್ರತಿಯೊಂದನ್ನೂ ನಾಲ್ಕೈದು ಸಲ ಮಾಡಿಸಿ, ಸಾಲು ಇದ್ದಾಗಲೂ ಇಲ್ಲದಾಗಲೂ ಹೋಲಿಸಿ. ವ್ಯತ್ಯಾಸ ಕಾಣದ ಸಾಲು ಹೋಗಲಿ. ಎಲ್ಲ 640ಕ್ಕೂ ಇದನ್ನು ಮಾಡಲು ಆಯುಷ್ಯ ಸಾಲದು. ಮೊದಲು ಚರಕದವರು ಎಣಿಸಲು ಹೇಳಿದ ಆ 230ನ್ನು ಹೊರಗೆ ಹಾಕಿ, ನಕಲುಗಳನ್ನು ಹಾಕಿ, ಅಕ್ಕನವರ ಸಿಟ್ಟಿನ ಸಾಲುಗಳನ್ನು ಹಾಕಿ, ಉಳಿದದ್ದಕ್ಕೆ ಮಾತ್ರ ಮಾಡಿ. "ಹೀಗೆ ಮಾಡಬೇಡ" ಎಂದಷ್ಟೇ ಇರುವ ಸಾಲುಗಳನ್ನು ಕಂಡಲ್ಲಿ ಬದಲಿಗೆ ಏನು ಮಾಡಬೇಕು ಎಂಬುದನ್ನು ಬರೆಯಿರಿ. ದಪ್ಪಕ್ಷರವನ್ನು ಒಂದೆರಡು ಕಡೆಗೆ ಉಳಿಸಿಕೊಳ್ಳಿ. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಕೂಗೂ ಕೇಳಿಸುವುದಿಲ್ಲ.

ಸಪ್ತಾಪುರ_ಅಕ್ಕ

ಅಳಿಸುವಾಗ ಪಾಸ್‌ವರ್ಡುಗಳೇನಾದರೂ ಇವೆಯೇ ಎಂದೂ ನೋಡಿಕೊಳ್ಳಿ. ನಮ್ಮದರಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇತ್ತು. ಕಡತದಿಂದ ತೆಗೆದರೂ ಗಿಟ್ ಇತಿಹಾಸದಲ್ಲಿ ಉಳಿದಿರುತ್ತದೆ, ಆದ್ದರಿಂದ ಪಾಸ್‌ವರ್ಡನ್ನೇ ಬದಲಿಸಬೇಕು.

ಗೋಕುಲ_ರಸ್ತೆ

ಇದೆ. 288ನೆಯ ಸಾಲು. ಈಗಲೇ ಬದಲಿಸಿ ಬರುತ್ತೇನೆ.

ಗೋಕುಲ_ರಸ್ತೆ

ಮೂರು ದಿನಗಳ ನಂತರ ಬಂದಿದ್ದೇನೆ. ಕಡತ ಈಗ 58 ಸಾಲಿಗೆ ಇಳಿದಿದೆ. ಮೊದಲು ತಂತ್ರಾಂಶದ ಕೆಲಸವೇನು ಎಂಬ ಎರಡು ಸಾಲು. ಅನಂತರ ದಲಾಲಿ, ಪೈಸೆ, ಪಾಡ್ಯದ ವರ್ಷ, ಹಳೆಯ ಅಕ್ಷರಸಂಕೇತ, ಪ್ರತಿಯೊಂದಕ್ಕೂ ಕಾರಣ. ಟೆಸ್ಟ್ ಓಡಿಸುವ ಮತ್ತು ಲಿಂಟ್ ಮಾಡುವ (ಕೋಡನ್ನು ತಪಾಸಣೆ ಮಾಡುವ) ಆಜ್ಞೆಗಳು. ಕೊನೆಗೆ ಉದ್ರಿಯಿಂದ ಆರಂಭವಾಗುವ 14 ಪದಗಳ ಅರ್ಥ. ಮುದ್ರಣದ ನಿಯಮಗಳು ಆ ಫೋಲ್ಡರಿನ ಕಡತಕ್ಕೆ ಹೋದವು. ಪಟ್ಟಿಯ ನಮೂನೆಯನ್ನು ಐದು ಸಲ ಹೊಸದಾಗಿ ಮಾಡಿಸಿದೆ. ಐದೂ ಸಲ ದಲಾಲಿ ಖರೀದಿದಾರನ ಬಿಲ್ಲಿಗೇ ಹೋಯಿತು. ಹಮಾಲಿಯನ್ನು ಮಾತ್ರ ಒಂದು ಸಲ ಪೂರ್ಣ ರೂಪಾಯಿಗೆ ಏರಿಸಿತು, ಏಕೆಂದು ತಿಳಿಯಲಿಲ್ಲ.

ಬ್ಯಾಡಗಿ_ಖಾರ

ಪೈಸೆಯ ಸಾಲನ್ನು ಹಾಗೆಯೇ ಇಲ್ಲಿ ಹಾಕಿ, ನೋಡೋಣ.

ಗೋಕುಲ_ರಸ್ತೆ

"ಹಣವನ್ನು ಯಾವಾಗಲೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡು, ದಶಾಂಶದಿಂದ ಲೆಕ್ಕ ತಪ್ಪುತ್ತದೆ." ಇದು 9ನೆಯ ಸಾಲು. 33ನೆಯ ಸಾಲಿನಲ್ಲಿ "ಮೊತ್ತಗಳನ್ನು ಹತ್ತಿರದ ರೂಪಾಯಿಗೆ ಸರಿಪಡಿಸಿ ತೋರಿಸು" ಎಂದಿದೆ, ಅದು ಹಳೆಯದು, ಪಟ್ಟಿಯ ಕೊನೆಯ ಮೊತ್ತಕ್ಕೆಂದು ಬರೆದದ್ದು.

ಬ್ಯಾಡಗಿ_ಖಾರ

ಕೊನೆಯ ಮೊತ್ತಕ್ಕೆ ಎಂಬುದು ತಮ್ಮ ತಲೆಯಲ್ಲಿದೆ, ಸಾಲಿನಲ್ಲಿಲ್ಲ.

ಗೋಕುಲ_ರಸ್ತೆ

ಹೌದಲ್ಲ! ಅದು ಮುದ್ರಣದ ನಿಯಮ, ಆ ಫೋಲ್ಡರಿನ ಕಡತಕ್ಕೆ "ಪಟ್ಟಿಯ ಕೊನೆಯ ಮೊತ್ತವನ್ನು ಮಾತ್ರ" ಎಂದು ಸೇರಿಸಿ ಕಳಿಸಿದೆ. ಈಗ 57.